ಹಾಡು ಬೇಕು, ಹಾಡುವವರು ಬೇಡ

ನಮ್ಮ ಸೊಸೈಟಿಯ ಮೀಟಿಂಗು ಪ್ರತಿ ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ. ಪೀತಮ್‌ಪುರದ ಉಳಿದ ಗ್ರೂಪ್ ಹೌಸಿಂಗ್ ಸೊಸೈಟಿಗಳ ಹಾಗೆ ನಮ್ಮಲ್ಲೂ ಚರ್ಚೆಯಾಗುವುದು ನಾಲ್ಕೇ ವಿಷಯ: ನೀರಿನ ಮೋಟರು, ಪಾರ್ಕಿಂಗು, ನಾಯಿ ಮತ್ತು ಬಾಡಿಗೆದಾರರು. 2023ರ ಡಿಸೆಂಬರ್ ಮೀಟಿಂಗಿನಲ್ಲಿ ನಾಲ್ಕನೆಯದು ಬಂತು. ಮೂರನೇ ಮಹಡಿಯ ಫ್ಲ್ಯಾಟಿನ ಮಾಲೀಕರು ಮನೆಯನ್ನು ಇಬ್ಬರು ವಿದ್ಯಾರ್ಥಿಗಳಿಗೆ ಕೊಡಬೇಕೆಂದಿದ್ದರು. ಹುಡುಗರು ನೈಜೀರಿಯಾದವರು. ವೀಸಾ, ಕಾಲೇಜಿನ ಕಾಗದ, ಅಡ್ವಾನ್ಸು ಎಲ್ಲ ಸರಿಯಾಗಿತ್ತು. ಸೆಕ್ರೆಟರಿ ಸಾಹೇಬರು ಕಾಗದ ನೋಡಲೇ ಇಲ್ಲ. "ಅರೆ ಭಾಯಿ, ಹಬ್ಶೀ ಲೋಗ್ ಹೈಂ" ಅಂದರು. ಅಷ್ಟೇ ವಾದ. ಬೇಡ ಎನ್ನುವವರು ಕೈ ಎತ್ತಿ ಅಂದಾಗ ಹದಿನಾಲ್ಕು ಕೈ ಮೇಲೆದ್ದವು. ನಾನೇನು ಮಾಡಿದೆ ಗೊತ್ತೇ? ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ. ಕೈ ಎತ್ತಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ಅದೇ ರಾತ್ರಿ ನಮ್ಮ ಗಲ್ಲಿಯಲ್ಲಿ ಒಂದು ಬಾರಾತು. ಮದುವೆಯ ಸೀಸನ್ನಿನಲ್ಲಿ ಪೀತಮ್‌ಪುರದ ರಸ್ತೆಗಳು ರಾತ್ರಿ ಹನ್ನೆರಡರವರೆಗೂ ಬ್ಯಾಂಡಿನವರದ್ದು, ಡಿಜೆಯವರದ್ದು. ಕುದುರೆ, ಹೊಗೆಯ ಯಂತ್ರ, ತಲೆಯ ಮೇಲೆ ಟ್ಯೂಬ್‌ಲೈಟು ಹೊತ್ತ ಕೂಲಿಗಳು ಎಲ್ಲ ಇತ್ತು. ಎರಡು ಪಂಜಾಬಿ ಹಾಡುಗಳ ನಡುವೆ ಡಿಜೆ ಹಾಕಿದ್ದು ರೇಮಾನ 'ಕಾಮ್ ಡೌನ್'. ರೇಮಾ ಎಂಬಾತ ನೈಜೀರಿಯಾದ ಬೆನಿನ್ ಸಿಟಿಯ ಹುಡುಗ. 2022ರಲ್ಲಿ ಬಂದ ಆ ಹಾಡು ಜಗತ್ತನ್ನೆಲ್ಲ ಸುತ್ತಿ ಇಲ್ಲಿಗೂ ಬಂದಿತ್ತು. 2023ರ ಮೇ ತಿಂಗಳಲ್ಲಿ ಆತನೇ ಭಾರತಕ್ಕೆ ಬಂದು ಹಾಡಿ ಹೋಗಿದ್ದ. ಬಾಲ್ಕನಿಯಿಂದ ನೋಡುತ್ತೇನೆ, ನಮ್ಮ ಸೆಕ್ರೆಟರಿ ಸಾಹೇಬರು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಾರೆ! ಬೆಳಗ್ಗೆ ಬೇಡ ಅಂತ ಎತ್ತಿದ್ದ ಕೈಯೇ ಅದು.

ನನಗೆ ನಗು ಬಂತು. ಆಮೇಲೆ ನಗು ನಿಂತುಹೋಯಿತು. ಯಾಕೆಂದರೆ ಕೆಳಗೆ ಕುಣಿಯುತ್ತಿದ್ದವನಿಗೂ ಮೇಲೆ ನಿಂತು ನೋಡುತ್ತಿದ್ದವನಿಗೂ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಇಬ್ಬರಿಗೂ ಹಾಡು ಬೇಕು, ಹಾಡುವವರು ಬೇಡ.

ಇತ್ತೀಚೆಗೆ ನಮ್ಮ ಕನ್ನಡದ ಹುಡುಗರು ನನಗೆ ಆಗಾಗ ಪ್ಲೇಲಿಸ್ಟುಗಳನ್ನು ಕಳಿಸುತ್ತಾರೆ. 'ಸರ್, ಈ ಆಫ್ರಿಕನ್ ಮ್ಯೂಸಿಕ್ ಡಿಸ್ಕವರ್ ಮಾಡಿ, ಸೂಪರ್ ಆಗಿದೆ' ಅನ್ನುತ್ತಾರೆ. ಈ ಡಿಸ್ಕವರಿಯ ಮೇಲೆಯೇ ನನ್ನ ಜಗಳ. ವಾಸ್ಕೋ ಡ ಗಾಮ ಭಾರತವನ್ನು ಕಂಡುಹಿಡಿದ ಅಂತ ನಮ್ಮ ಪಠ್ಯಪುಸ್ತಕದಲ್ಲಿತ್ತು. 1498ರಲ್ಲಿ ಆತನಿಗೆ ದಾರಿ ತೋರಿಸಿ ಕರೆತಂದ ನಾವಿಕ ಹಡಗು ಹತ್ತಿದ್ದು ಆಫ್ರಿಕಾದ ಮಲಿಂಡಿಯಲ್ಲಿ. ದಾರಿ ಗೊತ್ತಿದ್ದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದು 'ನಾನು ಕಂಡುಹಿಡಿದೆ' ಅನ್ನುವುದು ಎಂಥ ಧೈರ್ಯ ನೋಡಿ. ಕನ್ನಡದವರು ಆಫ್ರಿಕಾ ಮೂಲದವರ ಸಂಗೀತವನ್ನು ಈಗ ಹೊಸದಾಗಿ ಕಂಡುಹಿಡಿಯುವುದೂ ಅದೇ ಜಾತಿಯ ಧೈರ್ಯ.

ನನ್ನದೇ ಮಾತು ಹೇಳುತ್ತೇನೆ. ನಾನು ಯಲ್ಲಾಪುರದ ಕಡೆಯವನು, ಅಡಿಕೆ ತೋಟದ ಮನೆಯವನು. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಸಿದ್ದಿಯರು. ಪೋರ್ಚುಗೀಸರು ಗುಲಾಮರನ್ನಾಗಿ ಆಫ್ರಿಕಾದಿಂದ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರ ಪೂರ್ವಜರಲ್ಲಿದ್ದಾರೆ ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯೊಳಗೆ ಕೊಂಕಣಿ ಬೆರೆತ ಮಾತು, ಹೊರಗೆ ನಮಗಿಂತ ಗಟ್ಟಿ ಕನ್ನಡ. ನಮ್ಮ ಮನೆಯಲ್ಲಿ ಅವರಿಗೆ ಊಟ ಅಂಗಳದ ತುದಿಯಲ್ಲಿ, ಬಾಳೆಎಲೆಯಲ್ಲಿ. ನೀರು ಮೇಲಿನಿಂದ ಹೊಯ್ಯುವುದು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಬರೆಯದೆ ಈ ಜಗಳಕ್ಕೆ ಇಳಿಯುವ ಯೋಗ್ಯತೆ ನನಗಿಲ್ಲ.

ರಾತ್ರಿ ತೋಟದ ಆಚೆಯಿಂದ ಡಮಾಮಿಯ ಸದ್ದು ಬರುತ್ತಿತ್ತು. ಡಮಾಮಿ ಅಂದರೆ ಅವರ ಡೋಲು, ಅದರ ಸುತ್ತ ಕುಣಿಯುವ ಕುಣಿತಕ್ಕೂ ಅದೇ ಹೆಸರು. ಮೊದಲು ನಿಧಾನ, ಯಾರೋ ಬಾಗಿಲು ತಟ್ಟಿದ ಹಾಗೆ. ಆಮೇಲೆ ಹೆಂಗಸರ ದನಿ ಸೇರಿಕೊಳ್ಳುತ್ತಿತ್ತು. ಮಧ್ಯರಾತ್ರಿಯ ಹೊತ್ತಿಗೆ ಹಾಸಿಗೆಯಲ್ಲಿ ಮಲಗಿದ ನನ್ನ ಕಾಲ್ಬೆರಳು ತಾನಾಗಿ ಆಡುತ್ತಿತ್ತು. ಒಂದು ಸಲ ಎದ್ದು ಜಗುಲಿಗೆ ಹೋದೆ. ಆಯಿ ಒಳಗಿನಿಂದ, "ಅದೆಂತ ನೋಡದು, ಸುಮ್ನೆ ಮನಿಕ್ಯ" ಅಂದಳು. ಸುಮ್ಮನೆ ಮಲಗಿಕೊಂಡೆ. ನಮ್ಮ ಮನೆಯಿಂದ ಆ ಕೇರಿಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷವನ್ನು ನಾನು ಇವತ್ತಿಗೂ ನಡೆದಿಲ್ಲ.

ನಡೆದವರಿದ್ದರು. ಎಂಬತ್ತರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಬಳಗದ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಗಳ ಜತೆ ಸೇರಿ ನೈಜೀರಿಯಾದ ಚಿನುವ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕ ಮಾಡಿಸಿದರು. ಯೋಚನೆ ಮಾಡಿ. 1958ರಲ್ಲಿ ಆಫ್ರಿಕಾದ ಒಬ್ಬ ಲೇಖಕ ಬರೆದ ಊರಿನ ಕಥೆ, ಶತಮಾನಗಳ ಹಿಂದೆ ಆಫ್ರಿಕಾದಿಂದ ಕಿತ್ತು ತಂದವರ ಮಕ್ಕಳ ಬಾಯಲ್ಲಿ ಕನ್ನಡವಾಗಿ ಬಂತು! ಜಗತ್ತಿನ ಯಾವ ರಾಜಧಾನಿಗೂ ಇಂಥ ಭಾಗ್ಯ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಪಕ್ಕದ ಊರಿಗೆ ಸಿಕ್ಕಿತ್ತು. ಆ ದಾರಿಯಲ್ಲಿ ಮುಂದೆ ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಪ್ರಶಾಂತ್ ಸಿದ್ದಿಯಂಥ ಕಲಾವಿದರು ರಂಗಭೂಮಿಗೂ ಸಿನಿಮಾಕ್ಕೂ ಬಂದರು. ಅವರ ಸಾಲಿಗೆ ನಾವು ಚಪ್ಪಾಳೆ ತಟ್ಟಿದೆವು, ನಿಜ. ಆದರೆ ಬೆಂಗಳೂರಿನ ಬಸ್ಸಿನಲ್ಲಿ ಸಿದ್ದಿ ಹುಡುಗನೊಬ್ಬ ಪಕ್ಕದಲ್ಲಿ ಕೂತರೆ ಇಂಗ್ಲಿಷಿನಲ್ಲಿ 'ಯಾವ ದೇಶ' ಅಂತ ಕೇಳುವುದನ್ನು ನಿಲ್ಲಿಸಲಿಲ್ಲ.

ಈಗ ದಿಲ್ಲಿಗೆ ಬರೋಣ. ನಾನು 1994ರಲ್ಲಿ ಇಲ್ಲಿಗೆ ಬಂದಾಗ ಬಾಡಿಗೆ ಮನೆ ಹುಡುಕುತ್ತ ಮೂರು ವಾರ ಅಲೆದೆ. 'ಮದ್ರಾಸಿಗಳಿಗೆ ಕೊಡುವುದಿಲ್ಲ, ಕೊಬ್ಬರಿ ಎಣ್ಣೆಯ ವಾಸನೆ ಗೋಡೆಗೆ ಹತ್ತುತ್ತೆ' ಅಂತ ಒಬ್ಬಾಕೆ ಬಾಗಿಲು ಹಾಕಿದ್ದಳು. ನಾನು ಮದ್ರಾಸಿಯಲ್ಲ, ಕರ್ನಾಟಕದವನು ಅಂತ ಮುಚ್ಚಿದ ಬಾಗಿಲಿಗೆ ಭೂಗೋಳ ಹೇಳಿದ್ದೆ. ಪರಸ್ಥಳದಲ್ಲಿರುವ ಪ್ರತಿಯೊಬ್ಬ ಕನ್ನಡಿಗನ ಬಳಿ ಇಂಥದೊಂದು ಬಾಗಿಲಿನ ಕಥೆ ಇರುತ್ತದೆ, ಕೂಟಗಳಲ್ಲಿ ಅದನ್ನು ಉಪ್ಪುಖಾರ ಹಚ್ಚಿ ಹೇಳುತ್ತೇವೆ. ಆಮೇಲೆ ಸ್ವಂತ ಫ್ಲ್ಯಾಟು ಕೊಂಡು, ಸೊಸೈಟಿಯ ಸದಸ್ಯರಾಗಿ, ಅದೇ ಬಾಗಿಲಿನ ಚಿಲಕ ನಮ್ಮ ಕೈಗೆ ಬಂದಾಗ ಲೇಸು ಕಟ್ಟಿಕೊಳ್ಳುತ್ತೇವೆ.

ಇದು ನನ್ನ ಒಂದು ಸೊಸೈಟಿಯ ಮಾತಲ್ಲ. 2014ರ ಜನವರಿಯಲ್ಲಿ ಇದೇ ದಿಲ್ಲಿಯ ಖಿಡಕಿ ಎಕ್ಸ್‌ಟೆನ್ಷನ್ನಿನಲ್ಲಿ ಮಂತ್ರಿಯೊಬ್ಬರು ಮಧ್ಯರಾತ್ರಿ ಬೆಂಬಲಿಗರನ್ನು ಕಟ್ಟಿಕೊಂಡು ಆಫ್ರಿಕಾದ ಹೆಣ್ಣುಮಕ್ಕಳ ಮನೆಗಳಿಗೆ ದಾಳಿಯಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜೀವ್ ಚೌಕ್ ಮೆಟ್ರೋ ಸ್ಟೇಷನ್ನಿನಲ್ಲಿ ಮೂವರು ಆಫ್ರಿಕನ್ ಯುವಕರನ್ನು ಗುಂಪು ಹೊಡೆಯಿತು, ಪೊಲೀಸ್ ಬೂತಿನೊಳಗೆ ನುಗ್ಗಿ ಹೊಡೆಯಿತು. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಅಲ್ಲಿ ಹೊಡೆದವರಿಗೆ ಹಿಂದಿ ಭಾಷಿಕರು ಅಂತ ಬೈದು ಕೈತೊಳೆದುಕೊಳ್ಳುವ ಅನುಕೂಲವೂ ನಮಗಿಲ್ಲ. ಅದೇ ಮೇ ತಿಂಗಳಲ್ಲಿ ವಸಂತ್ ಕುಂಜ್‌ನಲ್ಲಿ ಆಟೋ ವಿಷಯಕ್ಕೆ ಶುರುವಾದ ಜಗಳದಲ್ಲಿ ಕಾಂಗೋದ ಯುವಕನೊಬ್ಬನನ್ನು ಹೊಡೆದು ಕೊಂದರು. 2017ರ ಮಾರ್ಚಿನಲ್ಲಿ ಗ್ರೇಟರ್ ನೋಯಿಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳ ಸರದಿ.

'ಸಂಗೀತದ ಮಾತಿನಲ್ಲಿ ಇದೆಲ್ಲ ಯಾಕ್ರೀ?' ಎಂದು ಕೇಳುವವರಿದ್ದಾರೆ. ಯಾಕೆಂದರೆ ಈ ಸಂಗೀತ ಹುಟ್ಟಿದ್ದೇ ಇದರಲ್ಲಿ. ಊರು ಬಿಟ್ಟವರ, ಬಿಡಿಸಲ್ಪಟ್ಟವರ, ಬಾಡಿಗೆಗೆ ಮನೆ ಸಿಗದವರ ಸಂಗೀತ ಅದು. ಊರು ಬಿಟ್ಟವರ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಇನ್ನೆಲ್ಲಿ?

ಕೇಪ್ ವರ್ಡೆಯ ಸೆಸಾರಿಯಾ ಎವೋರಾಳನ್ನು ಕೇಳಿ. 2011ರಲ್ಲಿ ತೀರಿಕೊಂಡ ಈಕೆ ವೇದಿಕೆಯ ಮೇಲೆ ಬರಿಗಾಲಲ್ಲಿ ನಿಂತು ಹಾಡುತ್ತಿದ್ದಳು. ಮಳೆಯಿಲ್ಲದ ಆ ದ್ವೀಪಗಳಿಂದ ಜನ ಕೂಲಿ ಹುಡುಕಿಕೊಂಡು ಸಾವೊ ತೋಮೆಯ ತೋಟಗಳಿಗೆ ಹೋದರು, ಯುರೋಪಿಗೆ ಹೋದರು, ಅಮೆರಿಕಕ್ಕೆ ಹೋದರು. ಹೋದವರ ಮತ್ತು ಉಳಿದವರ ನಡುವಿನ ಹಾಡಿಗೆ ಅವರು 'ಮೊರ್ನಾ' ಅನ್ನುತ್ತಾರೆ. 2019ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಭಾಷೆ ನಿಮಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯಲು ಮಗನನ್ನು ಕಳಿಸಿದ ದಕ್ಷಿಣ ಕನ್ನಡದ ತಾಯಿಗೆ ಆ ಹಾಡಿನ ಅರ್ಥ ಹೇಳಬೇಕಾಗಿಲ್ಲ.

ಮಿರಿಯಂ ಮಕೇಬಾಳನ್ನು ಕೇಳಿ. 1960ರಲ್ಲಿ ತಾಯಿಯ ಅಂತ್ಯಸಂಸ್ಕಾರಕ್ಕೆ ಊರಿಗೆ ಹೊರಟಾಗ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಆಕೆಯ ಪಾಸ್‌ಪೋರ್ಟು ರದ್ದು ಮಾಡಿತ್ತು. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಸಾಕ್ಷಿ ಹೇಳಿದ ಮೇಲೆ ಪೌರತ್ವವೂ ಹೋಯಿತು. ವಾಪಸು ಹೋಗಲು 1990 ಬರಬೇಕಾಯಿತು. ರೈಲಿನ ಟಿಕೆಟು ಕನ್ಫರ್ಮ್ ಆಗಿಲ್ಲ ಅಂತ ದೀಪಾವಳಿಗೆ ಊರಿಗೆ ಹೋಗಲಾಗದೆ ಅಳುವ ನಾವು, ಮೂವತ್ತು ವರ್ಷ ಊರಿಲ್ಲದೆ ಹಾಡಿದವಳ ಗಂಟಲಿನ ಗಟ್ಟಿತನ ಎಂಥದೆಂದು ತಿಳಿಯಬೇಕು.

ಫೆಲಾ ಕುಟಿಯನ್ನು ಬಿಟ್ಟರೆ ಇಂದಿನ ಯಾವುದೂ ಅರ್ಥವಾಗುವುದಿಲ್ಲ. 1958ರಲ್ಲಿ ವೈದ್ಯಕೀಯ ಓದಲೆಂದು ಲಂಡನ್ನಿಗೆ ಹೋಗಿ ಸಂಗೀತ ಓದಿದ. 1969ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಕಪ್ಪು ಜನರ ಹೋರಾಟ ನೋಡಿದ ಮೇಲೆ ತನ್ನ ಊರು ಏನೆಂದು ಕಂಡುಕೊಂಡ. ಡೋಲು ಟೋನಿ ಅಲೆನ್‌ದು, ಸಿಟ್ಟು ಫೆಲಾನದು. ಹೀಗೆ ಹುಟ್ಟಿದ್ದು ಆಫ್ರೋಬೀಟ್. ಸೈನಿಕರನ್ನು 'ಜೋಂಬಿ' ಎಂದು ಹಾಡಿದ್ದಕ್ಕೆ 1977ರ ಫೆಬ್ರುವರಿಯಲ್ಲಿ ಸೈನ್ಯ ಆತನ ಮನೆಯನ್ನು ಸುಟ್ಟಿತು. ವೃದ್ಧ ತಾಯಿಯನ್ನು ಕಿಟಕಿಯಿಂದ ಎಸೆದರು, ಮರುವರ್ಷ ಆಕೆ ತೀರಿಕೊಂಡಳು. ಆತನ ಮೊದಲ ಮ್ಯಾನೇಜರಾಗಿದ್ದ ಬೆನ್ಸನ್ ಇಡೊನಿಜೆಯ ಮೊಮ್ಮಗನೇ ಇಂದಿನ ಬರ್ನಾ ಬಾಯ್, 2021ರಲ್ಲಿ ಗ್ರ್ಯಾಮಿ ಗೆದ್ದವನು. ಮದುವೆ ಮನೆಯ ಹಾಡಿನ ಹಿಂದೆ ಎಷ್ಟು ದೊಡ್ಡ ಸುಟ್ಟ ಮನೆಯಿದೆ ನೋಡಿ.

ಇನ್ನೂ ಹೊಸಬರು ಬೇಕೆ? ಮಾಲಿ ದೇಶದ ಉತ್ತರ ಭಾಗದಲ್ಲಿ 2012ರಲ್ಲಿ ಬಂಡುಕೋರರು ಸಂಗೀತವನ್ನೇ ನಿಷೇಧಿಸಿದಾಗ ಬಮಾಕೊಗೆ ಓಡಿಬಂದ ಹುಡುಗರು ಕಟ್ಟಿದ ತಂಡ ಸಾಂಗ್‌ಹೋಯ್ ಬ್ಲೂಸ್. 2015ರ ಅವರ ಆಲ್ಬಮ್ಮಿನ ಹೆಸರೇ 'ಮ್ಯೂಸಿಕ್ ಇನ್ ಎಕ್ಸೈಲ್'. ನೈಜರ್ ದೇಶದ ಮ್ದು ಮೊಕ್ತಾರ್ ಮೊದಲ ಗಿಟಾರಿಗೆ ಸೈಕಲ್ ಬ್ರೇಕಿನ ತಂತಿ ಕಟ್ಟಿಕೊಂಡು ಕಲಿತ ಎಡಗೈಯವನು. 2023ರ ಜುಲೈನಲ್ಲಿ ಊರಲ್ಲಿ ಸೈನಿಕ ಕ್ರಾಂತಿಯಾದಾಗ ಅಮೆರಿಕದಲ್ಲಿ ಕಛೇರಿ ಮಾಡುತ್ತಿದ್ದವನು ಅಲ್ಲೇ ಸಿಕ್ಕಿಹಾಕಿಕೊಂಡ. ಲಂಡನ್ನಿನಲ್ಲಿ ನೈಜೀರಿಯಾದ ತಂದೆತಾಯಿಗೆ ಹುಟ್ಟಿದ ಲಿಟ್ಲ್ ಸಿಮ್ಜ್ 2022ರಲ್ಲಿ ಮರ್ಕ್ಯುರಿ ಪ್ರಶಸ್ತಿ ಪಡೆದಳು. ಬಮಾಕೊದಲ್ಲಿ ಹುಟ್ಟಿ ಪ್ಯಾರಿಸ್ ಹೊರವಲಯದಲ್ಲಿ ಬೆಳೆದ ಆಯಾ ನಕಮುರಾ 2024ರ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾಡುತ್ತಾಳೆಂದಾಗ ಫ್ರಾನ್ಸಿನ ಬಲಪಂಥೀಯರು ಬೊಬ್ಬೆ ಹೊಡೆದರು. ಆಕೆಯದು ಶುದ್ಧ ಫ್ರೆಂಚ್ ಅಲ್ಲವಂತೆ, ಕಲಬೆರಕೆಯಂತೆ. ಆಕೆ ಹಾಡಿಯೇ ಹಾಡಿದಳು, ಫ್ರಾನ್ಸಿನ ರಿಪಬ್ಲಿಕನ್ ಗಾರ್ಡಿನ ವಾದ್ಯದವರನ್ನು ಜತೆಗಿಟ್ಟುಕೊಂಡು.

ಕಲಬೆರಕೆ ಅಂದಾಗ ನೆನಪಾಯಿತು. 2021ರಲ್ಲಿ 'ಸಲಗ' ಸಿನಿಮಾದ ಪ್ರಚಾರಕ್ಕೆ ಚರಣ್ ರಾಜ್ ಸಂಗೀತದಲ್ಲಿ ಸಿದ್ದಿ ಕಲಾವಿದರು ಹಾಡಿ ಕುಣಿದ ಹಾಡು ಬಂತಲ್ಲ, ಅದು ದಿಲ್ಲಿಯ ಕನ್ನಡ ಮನೆಗಳನ್ನೂ ಹೊಕ್ಕಿತು. ಮರುವರ್ಷ ನಮ್ಮ ಕಡೆಯ ಸಣ್ಣ ಕನ್ನಡ ಕೂಟವೊಂದರ ರಾಜ್ಯೋತ್ಸವದಲ್ಲಿ ಮಕ್ಕಳು ಆ ಹಾಡಿಗೆ ಕುಣಿದರು. ಮುಖಕ್ಕೂ ಕೈಗೂ ಕಪ್ಪು ಬಣ್ಣ, ಸೊಂಟಕ್ಕೆ ಹಸಿರು ಕಾಗದದ ಎಲೆ, ತಲೆಗೆ ಗರಿ. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಹುಟ್ಟಿದಂದಿನಿಂದ ಕಂಡ ಸಿದ್ದಿಯರು ಲುಂಗಿ ಅಂಗಿ ಹಾಕಿಕೊಂಡು, ಸೀರೆ ಉಟ್ಟುಕೊಂಡು ತೋಟಕ್ಕೆ ಬರುತ್ತಿದ್ದರು. ಎಲೆ ಉಟ್ಟು ಬಂದವರನ್ನು ನಾನು ನೋಡಿಲ್ಲ. ವೇದಿಕೆಯ ಮೇಲೆ ಅವರಿಗೂ ಎಲೆ ಉಡಿಸುವುದು ಇದೆ. ಹಾಗೆ ಕಂಡರೆ ಮಾತ್ರ ಕರೆಯುತ್ತೇವೆ ಎನ್ನುವ ನಮ್ಮಂಥ ಸಭೆಗಳು ಇರುವುದರಿಂದ. ಕಾರ್ಯಕ್ರಮ ಮುಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ: ಮುಂದಿನ ಸಲ ಯಲ್ಲಾಪುರದಿಂದ ಸಿದ್ದಿ ತಂಡವನ್ನೇ ಕರೆಸಬಹುದಲ್ಲ, ರೈಲಿನ ಖರ್ಚು ಸೇರಿಸಿ ಎತ್ತೋಣ? "ಒಳ್ಳೇ ಐಡಿಯಾ ಸರ್, ಆದ್ರೆ ರಾಜ್ಯೋತ್ಸವಕ್ಕೆ ಬೇಡ. ಅದು ಆಫ್ರಿಕಾದ್ದಲ್ವಾ? ನಮ್ದು ಕನ್ನಡದ್ದು ಏನಾದ್ರೂ ಇರ್ಲಿ" ಅಂದರು. ಅಂದರೆ ನಮ್ಮ ಮಕ್ಕಳು ಬಣ್ಣ ಬಳಿದುಕೊಂಡು ಕುಣಿದರೆ ಅದು ಕನ್ನಡ. ಬಣ್ಣ ಬಳಿಯದೆ ಅವರೇ ಕುಣಿದರೆ ಆಫ್ರಿಕಾ!

'ಬಣ್ಣ ಬಳಿದರೆ ಏನಾಯಿತು, ಮಂಗಳೂರಿನವರು ಹುಲಿವೇಷಕ್ಕೆ ಬಳಿಯಲ್ವಾ' ಎಂಬ ವಾದವೂ ಬಂತು. ಸ್ವಾಮಿ, ಹುಲಿ ನಮ್ಮ ಬಳಿ ಬಾಡಿಗೆಗೆ ಮನೆ ಕೇಳಿಕೊಂಡು ಬರುವುದಿಲ್ಲ.

ಇನ್ನೊಂದು ವಾದ: 'ಮೊದಲು ನಮ್ಮ ಸುಗಮ ಸಂಗೀತ, ಯಕ್ಷಗಾನ ಉಳಿಸಿಕೊಳ್ಳೋಣ, ಆಮೇಲೆ ಆಫ್ರಿಕಾ.' ಈ ನಮ್ಮದು ಎಂಬುದರ ಬೇಲಿ ಎಲ್ಲಿದೆ ಹೇಳಿ. ಬಿಜಾಪುರದ ಆದಿಲ್‌ಶಾಹಿ ದರಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಾಗಿದ್ದ. ಹಬಶಿ ಗುಲಾಮನಾಗಿ ಬಂದ ಮಲಿಕ್ ಅಂಬರ್ ದಖನ್ನಿನಲ್ಲಿ ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ಗುಜರಾತಿನ ರತನ್‌ಪುರದಲ್ಲಿ ಬಾವಾ ಗೋರ್ ದರ್ಗಾದ ಸಿದ್ದಿಗಳು ತಮ್ಮ ಕುಣಿತಕ್ಕೆ ಇವತ್ತಿಗೂ 'ಗೋಮಾ' ಅನ್ನುತ್ತಾರೆ. ಸ್ವಾಹಿಲಿಯಲ್ಲಿ 'ಎನ್‌ಗೋಮಾ' ಅಂದರೆ ಡೋಲು, ಕುಣಿತ ಎರಡೂ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಗಲು 2003 ಬೇಕಾಯಿತು, ಪಕ್ಕದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳವರಿಗೆ 2020. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣವಾದದ್ದೂ 2020ರಲ್ಲೇ. ನಾನೂರು ವರ್ಷ ನಮ್ಮ ನೀರು ಕುಡಿದು, ನಮ್ಮ ತೋಟ ಅಗೆದು, ನಮ್ಮ ಮಾತು ಆಡಿದವರ ಡೋಲು ಕನ್ನಡದ್ದಲ್ಲದಿದ್ದರೆ, ಕನ್ನಡದ್ದು ಅನ್ನುವುದು ಯಾವುದು? ಹಾರ್ಮೋನಿಯಮ್ಮೇ? ಅದು ಬಂದದ್ದು ಯುರೋಪಿನಿಂದ, ಸಿದ್ದಿಗಳಿಗಿಂತ ಎಷ್ಟೋ ತಡವಾಗಿ. ಅದಕ್ಕೆ ಯಾರೂ 'ಯಾವ ದೇಶ' ಅಂತ ಕೇಳಲಿಲ್ಲ.

ಮೂರನೆಯ ವಾದ ಸೊಸೈಟಿಯದು: 'ಅವರಲ್ಲಿ ಡ್ರಗ್ಸ್ ಮಾರುವವರಿದ್ದಾರೆ.' ಇರಬಹುದು, ಇದ್ದರೆ ಪೊಲೀಸರಿದ್ದಾರೆ. ನಮ್ಮವರಲ್ಲಿ ಬ್ಯಾಂಕು ಮುಳುಗಿಸಿ ಓಡಿಹೋದವರಿದ್ದಾರೆ. ಅಂಥವರೊಬ್ಬರಿಗಾಗಿ ಲಂಡನ್ನಿನ ಮನೆಮಾಲೀಕರೆಲ್ಲ ಭಾರತೀಯರಿಗೆ ಬಾಗಿಲು ಹಾಕಿದರೆ ನಮ್ಮ ಹುಡುಗರು ಎಲ್ಲಿ ಮಲಗಬೇಕು?

ನಾನು ಸಂಗೀತ ಕೇಳಬೇಡಿ ಅನ್ನುತ್ತಿಲ್ಲ. ಕೇಳಿ, ತುಂಬ ಕೇಳಿ. ಆದರೆ ಡಿಸ್ಕವರ್ ಮಾಡಬೇಡಿ, ನೆರೆಯವರ ಹಾಗೆ ಕೇಳಿ. ಗೋಡೆಯಾಚೆಯಿಂದ ಹಾಡು ಬಂದರೆ ನೆರೆಯವನು ಹಾಡಿದ್ದು ಯಾರು ಅಂತ ಕೇಳುತ್ತಾನೆ, ಅವರ ಮನೆಯಲ್ಲಿ ಏನಾಯಿತು ಅಂತ ವಿಚಾರಿಸುತ್ತಾನೆ, ಹಬ್ಬಕ್ಕೆ ಒಂದು ಡಬ್ಬಿ ಕಳಿಸುತ್ತಾನೆ. ಅಷ್ಟಾದರೆ ಪ್ಲೇಲಿಸ್ಟು ತಾನಾಗಿ ಬೆಳೆಯುತ್ತದೆ. ಕನ್ನಡ ಕೂಟಗಳು ನವೆಂಬರ್ ವೇದಿಕೆಗೆ ಸಿದ್ದಿ ಕಲಾವಿದರನ್ನು ಕರೆಸಲಿ, ಅವರು ಉಟ್ಟ ಬಟ್ಟೆಯಲ್ಲೇ ಹಾಡಲಿ, ಸಂಭಾವನೆ ಸುಗಮ ಸಂಗೀತದವರಿಗೆ ಕೊಡುವಷ್ಟೇ ಇರಲಿ. ಅದೇ ಸಂಜೆ ದಿಲ್ಲಿಯಲ್ಲಿ ಓದುವ ನಾಲ್ಕು ಆಫ್ರಿಕನ್ ವಿದ್ಯಾರ್ಥಿಗಳನ್ನೂ ಊಟಕ್ಕೆ ಕರೆಯೋಣ, ಬಿಸಿಬೇಳೆಬಾತ್ ಖಾರವಾಯಿತೆಂದರೆ ಮೊಸರು ಬಡಿಸೋಣ.

ಆ ಇಬ್ಬರು ಹುಡುಗರು ಎಲ್ಲಿ ಮನೆ ಹುಡುಕಿಕೊಂಡರೋ ನನಗೆ ತಿಳಿಯದು. ವಿಚಾರಿಸಲೂ ಇಲ್ಲ. ನಮ್ಮ ಮೂರನೇ ಮಹಡಿಗೆ ಆಮೇಲೆ ಒಂದು ಸಂಸಾರ ಬಂತು, ಈಗ ಅವರೂ ಖಾಲಿ ಮಾಡಿದ್ದಾರೆ. ಮಾಲೀಕರು ಮತ್ತೆ ಬಾಡಿಗೆದಾರರನ್ನು ಹುಡುಕುತ್ತಿದ್ದಾರಂತೆ. ಮುಂದಿನ ಎರಡನೇ ಭಾನುವಾರ ಮೀಟಿಂಗಿದೆ. ಈ ಸಲ ನಾನು ಚಪ್ಪಲಿ ಹಾಕಿಕೊಂಡು ಹೋಗುತ್ತೇನೆ. ಕಟ್ಟಿಕೊಳ್ಳಲು ಲೇಸು ಇರಬಾರದು.